ಎಲ್ಲರೂ ಹೂಂ ಅಂದ ಚುನಾವಣೆ

ಚಳಿಗಾಲದ ಹಳೇ ಕೋಟುಗಳನ್ನು ದಾನಕ್ಕೆ ಕೊಟ್ಟುಬಿಡೋಣ ಅಂತ ಹೋದ ತಿಂಗಳು ಕ್ಲಾಸೆಟ್ ಖಾಲಿ ಮಾಡಲು ಕೂತೆ. ಕೊಡುವ ಮುಂಚೆ ಜೇಬು ತಡಕುವುದು ನನ್ನ ಅಭ್ಯಾಸ. ಕಂದು ಕೋಟಿನ ಜೇಬಿಗೆ ಕೈ ಹಾಕಿದರೆ ಏನೋ ಪುಡಿಪುಡಿ. ತೆಗೆದು ನೋಡಿದರೆ ಒಣಗಿ ಕಪ್ಪಾದ ಕರಿಬೇವು, ಕಡ್ಡಿಯ ಸಮೇತ. ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದೆ. ವಾಸನೆ ನಿಜವಾಗಿ ಉಳಿದಿತ್ತೋ, ಉಳಿದಿದೆ ಅಂತ ನನ್ನ ಮೂಗೇ ಅಂದುಕೊಂಡಿತೋ ಗೊತ್ತಿಲ್ಲ. ಅದನ್ನು ಆ ಜೇಬಿಗೆ ತುರುಕಿದವರು ಯಾರು ಅನ್ನುವುದು ಮಾತ್ರ ಕೂಡಲೇ ಗೊತ್ತಾಯಿತು.

ನಾವೆಲ್ಲ ಅವರನ್ನು ಅಂಗಡಿ ಅಣ್ಣಯ್ಯ ಅನ್ನುತ್ತಿದ್ದೆವು. ನಮ್ಮ ಮನೆಗಳಿದ್ದ ಎಜುಕೇಶನ್ ಹಿಲ್ ಗುಡ್ಡ ಇಳಿದು ರೆಡ್ಮಂಡ್ ಪೇಟೆಗೆ ಬಂದರೆ ಒಂದು ಸಾಲು ಅಂಗಡಿಗಳಿದ್ದವು. ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಉಗುರಿಗೆ ಬಣ್ಣ ಹಚ್ಚುವ ಸಲೂನ್, ಎರಡರ ನಡುವೆ ಇರುಕಿಕೊಂಡ ಹಾಗೆ ಅಣ್ಣಯ್ಯನ ದಿನಸಿ ಅಂಗಡಿ. ಹಾಸನದ ಕಡೆಯವರು. ರೆಂಟನ್‌ನ ಗೋದಾಮೊಂದರಲ್ಲಿ ಸುಮಾರು ವರ್ಷ ಫೋರ್ಕ್‌ಲಿಫ್ಟ್ ಓಡಿಸಿ, ಬೆನ್ನು ಹಿಡಿದುಕೊಂಡ ಮೇಲೆ ಆ ಕೆಲಸ ಬಿಟ್ಟು ಅಂಗಡಿ ಹಾಕಿದವರು. ನಾವೆಲ್ಲ ಕಂಪ್ಯೂಟರ್ ಕುಟ್ಟುವ ಮಂದಿ. ನಮ್ಮ ನಡುವೆ ಅವರೊಬ್ಬರು ಬೇರೆ ಥರ ಇದ್ದರು. ನಗು ಬಂದರೆ ಗಲ್ಲಾಪೆಟ್ಟಿಗೆ ಅಲ್ಲಾಡುವ ಹಾಗೆ ನಗುತ್ತಿದ್ದರು.

ಅಲ್ಲಿ ಕೊಸರು ಕೇಳಬೇಕಾಗಿರಲಿಲ್ಲ. ಬಿಲ್ ಮಾಡಿ ಚೀಲ ಕೈಗೆ ಕೊಟ್ಟಾದ ಮೇಲೆ ಒಂದು ಹಿಡಿ ಕರಿಬೇವೋ, ಎರಡು ನಿಂಬೆಹಣ್ಣೋ ಮೇಲಕ್ಕೆ ಇಡುತ್ತಿದ್ದರು. ಚೀಲ ತುಂಬಿದ್ದರೆ ಕೋಟಿನ ಜೇಬಿಗೇ ತುರುಕುವುದು. ಬೇಡ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಈ ಚಳಿ ಊರಿನಲ್ಲಿ ಕರಿಬೇವು ಅಂದರೆ ಚಿನ್ನ, ಅದನ್ನು ಹೀಗೆ ಪುಕ್ಕಟೆ ಹಂಚಿದರೆ ಉದ್ಧಾರವಾಗುತ್ತೀವಾ ಅಂತ ಅವರ ಹೆಂಡತಿ ಒಳಗಿನಿಂದ ಗೊಣಗುತ್ತಿದ್ದರು. ಆಕೆಯನ್ನು ನಾವು ಅತ್ತಿಗೆ ಅನ್ನುತ್ತಿದ್ದೆವು. ಹಿಂದಿನ ಕೋಣೆಯಲ್ಲಿ ದೋಸೆ ಹಿಟ್ಟು ರುಬ್ಬಿ ಡಬ್ಬಿಗೆ ತುಂಬುವುದು ಆಕೆಯ ಪಾಲಿನ ಕೆಲಸ. ಗೊಣಗುತ್ತಲೇ ನಮ್ಮ ಡಬ್ಬಿಗೆ ಒಂದು ಸೌಟು ಹೆಚ್ಚಿಗೆ ಹಾಕುವವರೂ ಅವರೇ.

ಬಾಗಿಲ ಪಕ್ಕ, ಅಕ್ಕಿಮೂಟೆಗಳ ಎದುರಿಗೆ ಒಂದು ಬೆಂಚು ಇತ್ತು. ಊರಿಂದ ಆರು ತಿಂಗಳಿಗೆ ಅಂತ ಬಂದ ಅಪ್ಪ ಅಮ್ಮಂದಿರು, ಅತ್ತೆ ಮಾವಂದಿರು ಅಲ್ಲಿ ಕೂರುತ್ತಿದ್ದರು. ಮಗ ಸೊಸೆ ಆಫೀಸಿಗೆ, ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ರೂಮು ಸೇರಿಕೊಳ್ಳುವವು. ಮಾತಾಡಲು ಮನುಷ್ಯರು ಬೇಡವೇ? ನಮ್ಮತ್ತೆ ಬಂದ ವರ್ಷ ಮೊದಲ ವಾರವೇ ಆ ಬೆಂಚು ಪತ್ತೆ ಮಾಡಿಬಿಟ್ಟರು. ದಿನಾ ಬೆಳಿಗ್ಗೆ ಸೀರೆಯ ಮೇಲೆ ನನ್ನ ಮಗನ ಜಾಕೆಟ್ ಹಾಕಿಕೊಂಡು, ಕಾಲಿಗೆ ಸ್ನೀಕರ್ ಏರಿಸಿ ಗುಡ್ಡ ಇಳಿದು ಹೋಗುವವರು ಮಧ್ಯಾಹ್ನ ಯಾರದಾದರೂ ಕಾರಿನಲ್ಲಿ ವಾಪಸ್ ಬರುತ್ತಿದ್ದರು.

ಆ ಹೊತ್ತಿಗಾಗಲೇ ಬಾಥೆಲ್ ಕಡೆ ಒಂದು ದೊಡ್ಡ ಇಂಡಿಯನ್ ಸ್ಟೋರ್ ಶುರುವಾಗಿತ್ತು. ಅಲ್ಲಿ ಎಲ್ಲ ಸ್ವಲ್ಪ ಅಗ್ಗ, ಎಲ್ಲ ಸ್ವಲ್ಪ ತಾಜಾ, ಪಾರ್ಕಿಂಗ್ ಬೇಕಾದಷ್ಟು. ಆದರೂ ನಾವು ಅಣ್ಣಯ್ಯನ ಹತ್ತಿರವೇ ಹೋಗುತ್ತಿದ್ದೆವು ಅಂದರೆ ಅದು ಮುಖ ನೋಡಿಕೊಂಡು. ಆ ಅಂಗಡಿ ನಿಂತಿದ್ದೇ ನಮ್ಮಂಥ ಮನೆಗಳ ದಾಕ್ಷಿಣ್ಯದ ಮೇಲೆ. ಇದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಇನ್ನು ನಮ್ಮ ಕನ್ನಡ ಕೂಟದ ವಿಷಯ. ಮೊದಲೆಲ್ಲ ಅಧ್ಯಕ್ಷರನ್ನು ಆರಿಸುವುದು ಅಂದರೆ ಯುಗಾದಿ ಊಟದ ದಿನ ಪಾಯಸ ಬಡಿಸುವಾಗ ಯಾರು ಕೈಗೆ ಸಿಕ್ಕರೋ ಅವರ ಕೊರಳಿಗೆ ಹಾರ ಹಾಕುವುದು. ಬೇಡ ಬೇಡ ಅಂತ ಒದ್ದಾಡಿದವರೇ ಅಧ್ಯಕ್ಷರಾಗುತ್ತಿದ್ದರು. ಆಮೇಲೆ ಜನ ಹೆಚ್ಚಾದರು. ಪಕ್ಕದೂರು ಸಮಾಮಿಶ್ ಕಡೆ ದೊಡ್ಡ ದೊಡ್ಡ ಮನೆಗಳಾದವು, ರಾಜ್ಯೋತ್ಸವಕ್ಕೆ ಬೆಂಗಳೂರಿಂದ ಸಿನಿಮಾದವರು ಬರತೊಡಗಿದರು. ಅವರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಕುರ್ಚಿ ಅಂದ ಮೇಲೆ ಆ ಕುರ್ಚಿಗೆ ಇಬ್ಬರು ಮೂವರು ಆಸೆಪಡುವುದೂ ಸಹಜವೇ. ಎರಡು ಸಾವಿರದ ಹತ್ತರ ದಶಕದ ನಡುವಿನ ಒಂದು ವರ್ಷ, ಮೊಟ್ಟಮೊದಲ ಬಾರಿಗೆ, ಚೀಟಿ ಹಾಕುವ ನಿಜವಾದ ಚುನಾವಣೆ ನಡೆಯುವುದು ಅಂತಾಯಿತು.

ಸಮಾಮಿಶ್ ಕಡೆಯಿಂದ ನಿಂತವರು ಒಬ್ಬ ಡೆಂಟಿಸ್ಟ್ ಮೇಡಂ. ಚುರುಕಾದ ಹೆಂಗಸು, ಮಾತಿನಲ್ಲಿ ಸೋಲುವವರಲ್ಲ. ನಮ್ಮ ರೆಡ್ಮಂಡ್ ಕಡೆಯಿಂದ ಒಬ್ಬ ಮ್ಯಾನೇಜರ್ ಸಾಹೇಬರು. ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆ. ನಮ್ಮನೆಯವರು ಅವರ ಬಲಗೈ ಆಗಿದ್ದರಿಂದ ಪ್ರಚಾರವೆಲ್ಲ ನಮ್ಮ ಹಾಲ್‌ನಲ್ಲೇ ಹುಟ್ಟುತ್ತಿತ್ತು. ಸಾಹೇಬರು ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಸ್ಲೈಡ್ ಹಾಕಿ ಕೂಟದ ಮುಂದಿನ ಮೂರು ವರ್ಷ ತೋರಿಸುತ್ತಿದ್ದರು. ಬಾಣಗಳು, ವೃತ್ತಗಳು, ಬಣ್ಣಬಣ್ಣದ ಪಟ್ಟಿಗಳು. ಸೂಟಿನ ಮೇಲೆ ಮೈಸೂರು ಪೇಟ ಇಟ್ಟುಕೊಂಡ ಅವರ ಫೋಟೋದ ಕರಪತ್ರಗಳೂ ಅಚ್ಚಾಗಿ ಬಂದವು. ಅಡುಗೆಮನೆಯಲ್ಲಿ ಉಪ್ಪಿಟ್ಟು ಕಲಸುತ್ತಿದ್ದ ನಾನು, ಇಷ್ಟು ಜನ ಗಂಡಸರು ಒಂದು ವರ್ಷದ ಅಧ್ಯಕ್ಷಗಿರಿಗೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರಲ್ಲ, ಮನೆಯ ಸೂರಿನ ಗಟರ್‌ನಲ್ಲಿ ಕಟ್ಟಿಕೊಂಡ ಎಲೆ ತೆಗೆಯಿರಿ ಅಂದರೆ ಯಾರಿಗೂ ಕಿವಿ ಕೇಳುವುದಿಲ್ಲ ಅಂದುಕೊಳ್ಳುತ್ತಿದ್ದೆ.

ಚುನಾವಣೆಗೆ ಇನ್ನು ಮೂರು ವಾರ ಅನ್ನುವಾಗ ಸಾಹೇಬರ ಕಂಪನಿ ಅವರನ್ನು ಹೈದರಾಬಾದ್ ಆಫೀಸಿಗೆ ಕಳಿಸಲು ತೀರ್ಮಾನಿಸಿತು. ಬಡ್ತಿ. ಅವರು ಒಂದು ದಿನವೂ ಯೋಚಿಸಲಿಲ್ಲ. ನಮ್ಮ ಮನೆಗೆ ಬಂದು, ಎಲ್ಲರ ಕೈ ಕುಲುಕಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಮದುವೆಮನೆಯಲ್ಲಿ ಗಂಡೇ ಎದ್ದುಹೋದ ಹಾಗಾಯಿತು. ಪೇಟದ ಕರಪತ್ರಗಳು ನಮ್ಮ ಗ್ಯಾರೇಜಿನಲ್ಲೇ ಉಳಿದವು.

ಅವತ್ತು ಸಂಜೆ ನಮ್ಮ ಹಾಲ್‌ನಲ್ಲಿ ಕೂತವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡು ನೀವು ನಿಲ್ಲಿ, ನೀವು ನಿಲ್ಲಿ ಅಂದರು. ಒಬ್ಬರಿಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು, ಒಬ್ಬರಿಗೆ ಮಗಳ ಭರತನಾಟ್ಯ ಇತ್ತು, ನಮ್ಮನೆಯವರಿಗೆ ಬೆನ್ನುನೋವು ಇದ್ದಕ್ಕಿದ್ದಂತೆ ಶುರುವಾಯಿತು. ಆಗ ಯಾರೋ ಒಬ್ಬರು ಅಂಗಡಿ ಅಣ್ಣಯ್ಯನ ಹೆಸರು ತೆಗೆದರು. ಅವರ ಮುಖ ಗೊತ್ತಿಲ್ಲದ ಕನ್ನಡದ ಮನೆಯೇ ಇಲ್ಲ, ಮೂರು ವಾರದಲ್ಲಿ ಯಾರ ಮನೆಗೂ ಹೋಗಬೇಕಾಗಿಲ್ಲ, ಎಲ್ಲರೂ ಕೊತ್ತಂಬರಿಗೆ ಅಂತ ಅವರ ಹತ್ತಿರವೇ ಬರುತ್ತಾರೆ ಅಂದರು. ಎಲ್ಲರ ಮುಖ ಬೆಳಗಿತು. ಆ ಉಪಾಯ ಯಾರದು ಅಂತ ನೆನಪಿಲ್ಲ... ಆಮೇಲೆ ಯಾರೂ ಅದು ನನ್ನದು ಅಂತ ಹೇಳಿಕೊಳ್ಳಲೂ ಇಲ್ಲ.

ಮಾರನೆಯ ದಿನ ಹತ್ತು ಜನ ಅಂಗಡಿಗೆ ಹೋದರು. ನಾನೂ ಅತ್ತೆಯನ್ನು ಕರೆತರಲು ಹೋಗಿದ್ದವಳು ಅಲ್ಲೇ ಇದ್ದೆ. ಅಣ್ಣಯ್ಯ ಮೊದಲು ನಕ್ಕರು. ಆಮೇಲೆ ಇವರು ನಿಜಕ್ಕೂ ಕೇಳುತ್ತಿದ್ದಾರೆ ಅಂತ ಗೊತ್ತಾಗಿ ಗಂಭೀರವಾದರು.

“ಅಂಗಡಿಯೋನು ಅಂದ್ರೆ ಎಲ್ಲಾರಿಗೂ ಸೇರಿದೋನು ಕಣಪ್ಪ. ಒಂದ್ ಕಡೆ ನಿಂತ್ಕಂಡ್ರೆ ಇನ್ನೊಂದ್ ಕಡೆಯೋರು ಎಲ್ಲಿಗೆ ಹೋಯ್ತಾರೆ?” ಅಂದರು.

ಒಳಗಿನಿಂದ ಅತ್ತಿಗೆ ಹಿಟ್ಟಿನ ಕೈಯಲ್ಲೇ ಬಂದು, “ಬ್ಯಾಡ, ಬ್ಯಾಡ ಅಂತ ಹೇಳಿ ಕಳ್ಸಿ. ನಮ್ಗ್ಯಾಕೆ ಈ ಉಸಾಬರಿ” ಅಂದರು.

ಆದರೆ ಹತ್ತು ಜನ. ಹತ್ತೂ ಜನ ವಾರವಾರ ಸಾಮಾನು ಕೊಳ್ಳುವವರು. ಬೆಂಚಿನ ಮೇಲೆ ಕೂತಿದ್ದ ಹಿರಿಯರು ಬೇರೆ ಚಪ್ಪಾಳೆ ತಟ್ಟಿಬಿಟ್ಟರು. ನಮ್ಮತ್ತೆಯಂತೂ, ನಿಂತ್ಕೊಳ್ಳಿ ನಿಂತ್ಕೊಳ್ಳಿ, ನಾವಿದೀವಿ ಅಂತ ಕೂಗಿದರು. ಅಣ್ಣಯ್ಯ ಒಬ್ಬೊಬ್ಬರ ಮುಖ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ. ಒಂದು ಮಾತು ಹೇಳಲೇಬೇಕು, ಅವರಿಗೂ ಒಳಗೆಲ್ಲೋ ಸ್ವಲ್ಪ ಆಸೆ ಇತ್ತು. ಪ್ರತಿ ಹಬ್ಬಕ್ಕೂ ಮೈಕಿನಲ್ಲಿ ಕಟ್ಟಕಡೆಗೆ, ಜನ ಎದ್ದು ಊಟದ ಸಾಲಿಗೆ ಓಡುವಾಗ, ಬಾಳೆಎಲೆ ಒದಗಿಸಿದವರು ಅಂತ ಇವರ ಹೆಸರು ಹೇಳುತ್ತಿದ್ದರು. ಒಂದು ಸಲ ಜನ ಕೂತಿದ್ದಾಗಲೇ ವೇದಿಕೆ ಮೇಲೆ ನಿಲ್ಲಬೇಕು ಅಂತ ಅನ್ನಿಸಿದರೆ ತಪ್ಪೇನು? ಕೊನೆಗೆ ಆಯಿತು ಅಂದರು. ಅತ್ತಿಗೆ ಒಳಗೆ ಹೋಗಿ ಗ್ರೈಂಡರ್ ಆನ್ ಮಾಡಿದರು.

ಅಲ್ಲಿಂದ ಪ್ರಚಾರದ ಬಣ್ಣವೇ ಬದಲಾಯಿತು. ಬಾಣ, ವೃತ್ತ ಎಲ್ಲ ಮಾಯ. ನಮ್ಮನೆಯವರು ಅಣ್ಣಯ್ಯನಿಗೂ ಸ್ಲೈಡ್ ಮಾಡಿಕೊಡಲು ಹೋಗಿ, ನೀವು ಕೂಟಕ್ಕೆ ಏನು ಮಾಡಬೇಕು ಅಂತಿದ್ದೀರಿ ಅಂತ ಕೇಳಿದರು. ಅಣ್ಣಯ್ಯ ಒಂದೇ ಒಂದು ಹೇಳಿದರು. ಊರಿಂದ ಬಂದ ಹಿರಿಯರಿಗೆ ತಿಂಗಳಿಗೊಂದು ದಿನ ಕೂಟದಿಂದ ವ್ಯಾನ್ ಮಾಡಿ ಎಲ್ಲಾದರೂ ಕರೆದುಕೊಂಡು ಹೋಗಬೇಕು, ಸುಮ್ಮನೆ ಕೆರೆ ದಂಡೆಗಾದರೂ ಸರಿ, ಒಟ್ಟಿಗೆ ಕೂತು ಬುತ್ತಿ ಬಿಚ್ಚಬೇಕು. ಅಷ್ಟೇ. ಒಂದು ಸ್ಲೈಡಿಗೂ ಸಾಲದು ಅಂತ ನಮ್ಮನೆಯವರು ತಲೆ ಚಚ್ಚಿಕೊಂಡರು.

ಆದರೆ ಆ ಒಂದು ಮಾತು ಬೆಂಕಿಯ ಹಾಗೆ ಹಬ್ಬಿತು. ಬೆಂಚು ಪ್ರಚಾರದ ಆಫೀಸಾಯಿತು. ಹಿರಿಯರೆಲ್ಲ ಸಂಜೆ ಮನೆಗೆ ಹೋಗಿ ಮಗ ಸೊಸೆ, ಮಗಳು ಅಳಿಯಂದಿರಿಗೆ ಗಂಟುಬಿದ್ದರು. ನಮ್ಮತ್ತೆ ಫೋನು ಹಿಡಿದು ಕೂತರೆ ಬಾಥೆಲ್‌ನಿಂದ ರೆಂಟನ್‌ವರೆಗೆ ತಮಗೆ ಗೊತ್ತಿದ್ದ ಅಷ್ಟೂ ಬೀಗಿತ್ತಿಯರಿಗೆ ಕಾಲ್ ಮಾಡುತ್ತಿದ್ದರು. ಪಾಪ, ಈ ಉತ್ಸಾಹದಲ್ಲಿ ನಮ್ಮ ಪಕ್ಷದ ಅಷ್ಟೂ ಬುದ್ಧಿವಂತರು ಒಂದು ವಿಷಯ ಮರೆತೇಬಿಟ್ಟಿದ್ದರು. ಬೆಂಚಿನ ಮೇಲೆ ಕೂತವರು ಯಾರೂ ಕೂಟದ ಸದಸ್ಯರಲ್ಲ. ಬಂದು ಹೋಗುವವರು. ಅಣ್ಣಯ್ಯನಿಗಾಗಿ ಜೀವ ಬಿಡುವವರು ಯಾರಿದ್ದರೋ ಅವರಿಗೆ ಓಟೇ ಇರಲಿಲ್ಲ.

ಡೆಂಟಿಸ್ಟ್ ಮೇಡಂ ಕಡೆಯವರಿಗೂ ಕಷ್ಟಕ್ಕಿಟ್ಟುಕೊಂಡಿತು. ಸಾಹೇಬರನ್ನು ಬೈಯಲು ಅವರು ಎಲ್ಲ ತಯಾರಿ ಮಾಡಿಕೊಂಡಿದ್ದರು, ಕಾರ್ಪೊರೇಟ್ ಶೋಕಿ, ಅಹಂಕಾರ, ಇನ್ನೂ ಏನೇನೋ. ಈಗ ಎದುರಿಗೆ ನಿಂತವರು ಜೇಬಿಗೆ ಕರಿಬೇವು ತುರುಕುವ ಮನುಷ್ಯ. ಏನಂತ ಬೈಯುವುದು? ಕೊನೆಗೆ ಒಂದು ಗುಸುಗುಸು ಹೊರಟಿತು. ಅಂಗಡಿಯವರು ಅಧ್ಯಕ್ಷರಾದರೆ ಕೂಟದ ಹಬ್ಬದ ಸಾಮಾನೆಲ್ಲ ಅವರ ಅಂಗಡಿಯಿಂದಲೇ ಹೋಗುತ್ತೆ, ಅದಕ್ಕೇ ನಿಂತಿದ್ದಾರೆ ಅಂತ. ಅಣ್ಣಯ್ಯನ ಕಿವಿಗೂ ಅದು ಬಿತ್ತು. ಮಾರನೆಯ ಬೆಳಿಗ್ಗೆ, ತಾನು ಗೆದ್ದರೆ ಕೂಟಕ್ಕೆ ಒಂದು ಬಾಳೆಎಲೆಯನ್ನೂ ಮಾರುವುದಿಲ್ಲ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಕೂಟದ ಹಬ್ಬಗಳೇ ಅವರ ಅಂಗಡಿಯ ದೊಡ್ಡ ವ್ಯಾಪಾರ. ಅತ್ತಿಗೆ ಅವತ್ತು ನನ್ನ ಡಬ್ಬಿಗೆ ಹೆಚ್ಚಿನ ಸೌಟು ಹಾಕಲಿಲ್ಲ.

ಆ ಮೂರು ವಾರ ಅಂಗಡಿ ತುಂಬಿ ತುಳುಕಿತು. ಬಂದವರೆಲ್ಲ ಅಣ್ಣಯ್ಯನ ಕೈ ಹಿಡಿದು, ನಿಮಗೇ ನಮ್ಮ ಓಟು, ಅದರಲ್ಲಿ ಕೇಳೋದೇನಿದೆ ಅಂದರು. ಅವರು ಯಾರನ್ನೂ ಕೇಳಿರಲಿಲ್ಲ ಅನ್ನುವುದು ಬೇರೆ ಮಾತು. ಗಲ್ಲಾದ ಮುಂದೆ ನಿಂತು, ಬೇಳೆ ಬೆಲ್ಲ ಮುಂದಿಟ್ಟುಕೊಂಡು, ಆ ಮುಖ ನೋಡಿಕೊಂಡು ಇಲ್ಲ ಅನ್ನುವುದು ಹೇಗೆ? ನಮ್ಮ ಕಡೆ ಜನಕ್ಕೆ ಹುಟ್ಟಿನಿಂದ ಬಂದ ಕಾಯಿಲೆ ಅದು. ಇಲ್ಲ ಅನ್ನುವ ಕಡೆ ನೋಡೋಣ ಅನ್ನುತ್ತೇವೆ, ನೋಡೋಣ ಅನ್ನುವ ಕಡೆ ಖಂಡಿತ ಅನ್ನುತ್ತೇವೆ. ಅದೇ ಜನ ಅದೇ ವಾರ ಹಲ್ಲು ತೋರಿಸಲು ಹೋಗಿ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಮೇಡಂ ಕೇಳಿದ್ದಕ್ಕೂ ತಲೆ ಆಡಿಸಿ ಬಂದಿದ್ದರು. ಬಾಯೊಳಗೆ ಡ್ರಿಲ್ ಇಟ್ಟುಕೊಂಡು ಇಲ್ಲ ಅನ್ನಲು ಯಾರಿಗೆ ಧೈರ್ಯ ಬರುತ್ತೆ?

ಅಣ್ಣಯ್ಯ ಮಾತ್ರ ಎಲ್ಲವನ್ನೂ ನಂಬಿದರು. ಹಾಸನದ ಕಡೆಯಿಂದ ಬಂದವರಿಗೆ ಈ ದಾಕ್ಷಿಣ್ಯ ಗೊತ್ತಿರಬೇಕಿತ್ತಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಬಹುಶಃ ಗೊತ್ತಿತ್ತು. ಬೇರೆಯವರ ವಿಷಯದಲ್ಲಿ ಗೊತ್ತಿರುತ್ತದೆ, ತನ್ನ ವಿಷಯ ಬಂದಾಗ...

ರಾಜ್ಯೋತ್ಸವದ ದಿನ ಒಂದು ಸ್ಕೂಲಿನ ಊಟದ ಹಾಲ್‌ನಲ್ಲಿ ಓಟು. ಮಡಿಸಿದ ಚೀಟಿ, ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆ. ಅಣ್ಣಯ್ಯ ಹೊಸ ಪಂಚೆ ಉಟ್ಟು ಶಲ್ಯ ಹೊದ್ದು ಬಂದಿದ್ದರು. ಅತ್ತಿಗೆ ರೇಷ್ಮೆ ಸೀರೆ ಉಟ್ಟಿದ್ದರು, ಬೇಡ ಬೇಡ ಅಂದವರು ಆಕೆಯೇ, ಆದರೂ ಅವತ್ತು ಮುಖದಲ್ಲಿ ಹೊಳಪು ಕಂಡಿತು. ನಾನು ನನ್ನ ಚೀಟಿಯಲ್ಲಿ ಅಣ್ಣಯ್ಯನ ಹೆಸರಿನ ಮುಂದೆ ಗುರುತು ಹಾಕಿ, ಮಡಿಸಿ, ಪೆಟ್ಟಿಗೆಗೆ ಹಾಕಿದೆ. ಮಕ್ಕಳ ಕೋಲಾಟ ಮುಗಿಯುವ ಹೊತ್ತಿಗೆ ಎಣಿಕೆ ಮುಗಿಯಿತು. ಮೈಕಿನಲ್ಲಿ ಓದಿದರು. ಮೇಡಂಗೆ ಇನ್ನೂರು ಚಿಲ್ಲರೆ. ಅಣ್ಣಯ್ಯನಿಗೆ ನಲವತ್ತರ ಹತ್ತಿರ.

ಯಾರೂ ಪಕ್ಕದವರ ಮುಖ ನೋಡಲಿಲ್ಲ. ಎಲ್ಲರೂ ಲೆಕ್ಕದಲ್ಲಿ ಗಟ್ಟಿ ಜನ, ಕೈ ಹಿಡಿದು ಮಾತು ಕೊಟ್ಟವರೆಷ್ಟು, ಚೀಟಿ ಹಾಕಿದವರೆಷ್ಟು ಅಂತ ಎಲ್ಲರ ತಲೆಯಲ್ಲೂ ಓಡಿತು. ಜನಕ್ಕೆ ಅವರ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಅಂಗಡಿಯವರನ್ನು ಅಂಗಡಿಯಲ್ಲಿ ಪ್ರೀತಿಸುವುದು ಬೇರೆ, ಬೆಂಗಳೂರಿಂದ ಬಂದ ನಟನ ಪಕ್ಕ ನಮ್ಮ ಅಧ್ಯಕ್ಷರು ಅಂತ ನಿಲ್ಲಿಸುವುದು ಬೇರೆ ಅನ್ನಿಸಿರಬೇಕು. ಮೇಡಂ ತಾವೇ ಇಳಿದು ಬಂದು ಅವರನ್ನು ವೇದಿಕೆಗೆ ಕರೆದೊಯ್ದು ಎರಡು ಮಾತು ಹೇಳಿ ಅಂದರು. ಅಣ್ಣಯ್ಯ ಮೈಕಿನ ಮುಂದೆ ನಿಂತರು. ಜನ ಇನ್ನೂ ಕೂತೇ ಇದ್ದರು.

“ಎಲ್ಲಾರೂ ಊಟ ಮಾಡ್ಕಂಡು ಹೋಗಿ” ಅಂದರು. ಕೆಳಗಿಳಿದು ಬಂದರು.

ಅವರು ಸೋತಿದ್ದು ದೊಡ್ಡ ವಿಷಯವಲ್ಲ. ಕೂಟದ ಅಧ್ಯಕ್ಷಗಿರಿ ಹೋದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಸೋಮವಾರ ಅಂಗಡಿ ತೆಗೆದಾಗ ಯಾರೂ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಶನಿವಾರ ಅಂದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ, ಆ ಶನಿವಾರ ಗ್ರೈಂಡರಿನ ಸದ್ದು ಬೀದಿಗೆ ಕೇಳುವಷ್ಟು ಖಾಲಿ. ಕೋಪ, ಜಗಳ, ಏನೂ ಇಲ್ಲ. ಬರೀ ನಾಚಿಕೆ. ಮಾತು ಕೊಟ್ಟು ಹಾಕದವರಿಗೆ ಆ ಮುಖ ಎದುರಿಸಲಾಗಲಿಲ್ಲ. ಹೋದರೆ ಅಣ್ಣಯ್ಯ ಏನೂ ಅನ್ನುವುದಿಲ್ಲ, ಕೊಸರು ಬೇರೆ ಕೊಡುತ್ತಾರೆ. ಅದನ್ನು ಯಾವ ಕೈಯಲ್ಲಿ ತೆಗೆದುಕೊಳ್ಳುವುದು? ಬಾಥೆಲ್ ಸ್ಟೋರಿನಲ್ಲಿ ಆ ಕಷ್ಟವಿಲ್ಲ, ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಹಿರಿಯರು ಮಾತ್ರ ಬರುವುದು ಬಿಡಲಿಲ್ಲ. ಮಕ್ಕಳು ಅವರನ್ನು ಪಾರ್ಕಿಂಗ್ ಲಾಟಿನಲ್ಲಿ ಇಳಿಸಿ, ಎಂಜಿನ್ ಆಫ್ ಮಾಡದೆ, ತಲೆ ಬಗ್ಗಿಸಿ ಫೋನು ನೋಡುತ್ತ ಕಾರಿನಲ್ಲೇ ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ನೋಡಿದೆ, ಸಾಲಾಗಿ ನಾಲ್ಕೈದು ಕಾರು, ಎಲ್ಲದರಲ್ಲೂ ಒಂದೊಂದು ಬಗ್ಗಿದ ತಲೆ. ನಗು ಬಂತು. ನಕ್ಕಿದ್ದಕ್ಕೆ ಆಮೇಲೆ ಬೇಜಾರೂ ಆಯಿತು. ಎಂದಿನ ಹಾಗೆ ಆರಾಮವಾಗಿ ಒಳಗೆ ಬಂದು ಹೋಗುತ್ತಿದ್ದವರು ಒಬ್ಬರೇ, ಡೆಂಟಿಸ್ಟ್ ಮೇಡಂ. ಆಕೆ ಅಣ್ಣಯ್ಯನಿಗೆ ಯಾವ ಮಾತೂ ಕೊಟ್ಟಿರಲಿಲ್ಲವಲ್ಲ! ವಾರವಾರ ಎರಡು ಡಬ್ಬಿ ಹಿಟ್ಟು ಕೊಂಡು, ಅತ್ತಿಗೆಯ ಹತ್ತಿರ ಹರಟೆ ಹೊಡೆದು ಹೋಗುತ್ತಿದ್ದರು. ನಮ್ಮತ್ತೆ ಮನೆಗೆ ಬಂದು, ದಾಕ್ಷಿಣ್ಯಕ್ಕೆ ಬಸುರಾಗಿ ಹೆರೋಕೆ ತಾವಿಲ್ಲ ಅಂತಾರಲ್ಲ, ಹಾಗಾಯ್ತು ನಿಮ್ಮೂರಿನ ಕಥೆ ಅಂತ ಮಗನಿಗೆ ಕೇಳಿಸುವ ಹಾಗೆ ಹೇಳಿದರು. ನಮ್ಮನೆಯವರು ತಟ್ಟೆ ನೋಡಿಕೊಂಡು ಊಟ ಮಾಡಿದರು.

ನಾನೂ ಹೋಗುತ್ತಿದ್ದೆ. ನನಗೇನು ನಾಚಿಕೆ? ಮಾತು ಕೊಟ್ಟಿದ್ದೆ, ಹಾಕಿದ್ದೆ. ಆದರೆ ಒಂದು ವಿಚಿತ್ರ ಆಗಿತ್ತು. ಅಣ್ಣಯ್ಯ ಬಿಲ್ ಮಾಡುವಾಗ ಒಮ್ಮೊಮ್ಮೆ ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ. ಹಾಕಿದವರಲ್ಲಿ ಇವಳೊಬ್ಬಳೋ, ಹಾಕದವರಲ್ಲಿ ಇವಳೊಬ್ಬಳೋ ಅಂತ ಗೊತ್ತಾಗದೆ ನೋಡುವ ನೋಟ ಅದು. ಮೊದಲಿನ ನಗು ಇತ್ತು, ಗಲ್ಲಾ ಅಲ್ಲಾಡುತ್ತಿರಲಿಲ್ಲ. ಇವತ್ತು ಹೇಳಿಬಿಡಬೇಕು ಅಂತ ಗಟ್ಟಿ ಮಾಡಿಕೊಂಡು ಒಂದು ದಿನ ಹೋದೆ. ಅಣ್ಣಯ್ಯ ಸಾಮಾನು ತರಲು ಸಗಟು ಗೋದಾಮಿಗೆ ಹೋಗಿದ್ದರು, ಗಲ್ಲಾದಲ್ಲಿ ಅತ್ತಿಗೆ ಇದ್ದರು. ನನ್ನ ಮುಖದಲ್ಲಿ ಏನು ಕಂಡರೋ, ಸಾಮಾನು ಮುಟ್ಟದೆ ನನ್ನನ್ನೇ ನೋಡಿದರು.

“ನೋಡೇ, ಅಪ್ಪಿತಪ್ಪಿ ಒಳಕ್ಕೆ ಬಂದೋರೆಲ್ಲ ನಾವು ನಿಮ್ಗೇ ಹಾಕಿದ್ವಿ ಅಂತಾರೆ. ಅಷ್ಟ್ ಜನ ಹಾಕಿದ್ರೆ ನಾವ್ ಹಿಂಗೆ ಕೂತಿರ್ತಿದ್ವಾ? ಒಬ್ಬೊಬ್ರು ಹೇಳ್ದಾಗ್ಲೂ ನಿಮ್ಮಣ್ಣಯ್ಯ ಎಲ್ಡ್ ದಿನ ಸರಿಯಾಗಿ ಉಣ್ಣಲ್ಲ. ನೀನಾದ್ರೂ ಹೇಳ್ಬ್ಯಾಡ ಕಣೇ” ಅಂದರು.

ಹೇಳಲಿಲ್ಲ. ಆಣೆ ಇಟ್ಟರೂ ಅದು ಉಳಿದವರ ಮಾತಿನ ಜೊತೆ ಅದೇ ರಾಶಿಗೆ ಬೀಳುತ್ತಿತ್ತು. ಒಂದು ಕಟ್ಟು ಮೆಂತ್ಯ ಸೊಪ್ಪು ಕೊಂಡು ಬಂದೆ.

ಮುಂದಿನ ವರ್ಷದ ಯುಗಾದಿಗೆ ಕೂಟದವರು ಬಾಳೆಎಲೆಯನ್ನು ಬಾಥೆಲ್‌ನಿಂದ ತರಿಸಿದರು. ಅಧ್ಯಕ್ಷೆ ಅಣ್ಣಯ್ಯನ ಅಂಗಡಿಯಿಂದಲೇ ತರಿಸೋಣ ಅಂದಿದ್ದರಂತೆ, ಹೋಗಿ ಹೇಳಿ ಬರಲು ಸಮಿತಿಯಲ್ಲಿ ಒಬ್ಬರೂ ಮುಂದೆ ಬರಲಿಲ್ಲವಂತೆ. ಬೇಸಿಗೆ ಬರುವ ಮುಂಚೆ ಅಂಗಡಿ ಮುಚ್ಚಿತು. ಮಗಳು ಡಲ್ಲಾಸ್‌ನಲ್ಲಿದ್ದಳು, ಅಲ್ಲಿಗೆ ಹೊರಟರು. ಕೊನೆಯ ದಿನ ಹೋದಾಗ ಶೆಲ್ಫುಗಳು ಬೋಳಾಗಿದ್ದವು, ಬೆಂಚನ್ನು ಲಾಂಡ್ರಿಯವರಿಗೆ ಕೊಟ್ಟಿದ್ದರು. ಅಣ್ಣಯ್ಯ ನನ್ನ ಮಗನ ಸ್ಕೂಲು, ನಮ್ಮತ್ತೆಯ ಮಂಡಿನೋವು ಎಲ್ಲ ವಿಚಾರಿಸಿದರು. ಚುನಾವಣೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರ್ತೀನವ್ವ ಅಂದರು. ಹೋಗುವವರು ಅವರೇ ಆದರೂ ಹೋಗ್ತೀನಿ ಅನ್ನಬಾರದಲ್ಲ.

ಆಮೇಲೆ ಹಬ್ಬಕ್ಕೊಂದು ಫೋನು, ಅದೂ ಕಮ್ಮಿಯಾಯಿತು. ನಮ್ಮತ್ತೆಯೂ ಮತ್ತೆ ಬರಲಿಲ್ಲ, ಅಲ್ಲಿ ಬಂದು ಯಾರ ಹತ್ತಿರ ಮಾತಾಡಲಿ ಅಂದರು.

ಮೊನ್ನೆ ಭಾನುವಾರ ಕೂಟದ ಗ್ರೂಪಿಗೆ ಮೆಸೇಜ್ ಬಂತು. ಅಣ್ಣಯ್ಯ ಡಲ್ಲಾಸ್‌ನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು ಅಂತ. ಹೃದಯಾಘಾತ. ಗ್ರೂಪಿನಲ್ಲಿ ಒಂದರ ಮೇಲೊಂದು ಕೈಮುಗಿದ ಚಿತ್ರಗಳು ಬಂದವು. ಎಂಥಾ ಮನುಷ್ಯ, ಎಂಥಾ ನಗು, ನಮ್ಮೂರು ಒಬ್ಬ ಹಿರಿಯಣ್ಣನನ್ನು ಕಳೆದುಕೊಂಡಿತು ಅಂತೆಲ್ಲ ಬರೆದರು. ಎಲ್ಲವೂ ನಿಜವೇ. ಅಷ್ಟರಲ್ಲಿ ಒಬ್ಬರು, ಅವತ್ತು ನಮ್ಮ ಮನೆಯ ಓಟೆಲ್ಲ ಅವರಿಗೇ ಬಿದ್ದಿತ್ತು ಅಂತ ಬರೆದರು. ಅದರ ಕೆಳಗೆ ಇನ್ನೊಬ್ಬರು, ನಮ್ಮದೂ. ಆಮೇಲೆ ಇನ್ನೊಬ್ಬರು. ಸಂಜೆಯ ಹೊತ್ತಿಗೆ ಲೆಕ್ಕ ಹಾಕಿದರೆ ಅಣ್ಣಯ್ಯ ಭಾರೀ ಅಂತರದಲ್ಲಿ ಗೆದ್ದಿದ್ದರು. ಸತ್ತವರ ಮುಂದೆಯೂ ನಮಗೆ ಇಲ್ಲ ಅನ್ನಲು ಬರುವುದಿಲ್ಲ.

ನಮ್ಮನೆಯವರು ಪಕ್ಕದಲ್ಲಿ ಕೂತು, ನೀನೂ ಏನಾದ್ರೂ ಬರಿ, ಅಷ್ಟು ಹಚ್ಚಿಕೊಂಡಿದ್ದೆ ಅಂದರು. ಫೋನು ಕೈಗೆ ತೆಗೆದುಕೊಂಡೆ. ಬರೆಯಬೇಕು ಅಂತ ನನಗೆ ಹೊಳೆದದ್ದು ಒಂದೇ ಸಾಲು, ಅದನ್ನು ಆಗಲೇ ಎಲ್ಲರೂ ಬರೆದುಬಿಟ್ಟಿದ್ದರು. ಫೋನನ್ನು ಮಗುಚಿ ಇಟ್ಟು ಅಡುಗೆಮನೆಗೆ ಹೋದೆ. ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ ಹೇಳಿಬಿಟ್ಟೆ.

ಹಾಕಿದ್ದೆ ಅಣ್ಣಯ್ಯ. ನಾನು ನಿಜವಾಗ್ಲೂ ನಿಮಗೇ ಹಾಕಿದ್ದೆ.